ಹೊಸ ವರ್ಷದ ಸಂಕಲ್ಪವೂ ಶ್ರಾವಕನ ವ್ರತವೂ

ಜೈನ ಗೃಹಸ್ಥನ ಮನೆಗೆ ಒಂದೇ ವರ್ಷದಲ್ಲಿ ಮೂರು ಹೊಸ ವರ್ಷಗಳು ಬಂದುಹೋಗುತ್ತವೆ. ದೀಪಾವಳಿಯ ಅಮಾವಾಸ್ಯೆಯ ಮುಂಜಾವಿನಲ್ಲಿ ಭಗವಾನ್ ಮಹಾವೀರಸ್ವಾಮಿಯ ನಿರ್ವಾಣಪೂಜೆ ಮುಗಿದು, ಮರುದಿನ ಪಾಡ್ಯದಂದು ವೀರನಿರ್ವಾಣ ಸಂವತ್ಸರವು ತೊಡಗುತ್ತದೆ. ಚೈತ್ರ ಶುದ್ಧ ಪಾಡ್ಯದಂದು ಬೇವುಬೆಲ್ಲದ ಯುಗಾದಿ. ಇವೆರಡರ ನಡುವೆ, ಕಚೇರಿ ಶಾಲೆಗಳ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬದಲಿಸುವ ಜನವರಿ ಒಂದು. ಈ ಮೂರು ಸಂದರ್ಭಗಳಲ್ಲಿಯೂ ಮನುಷ್ಯನ ಮನಸ್ಸು ಒಂದೇ ಬಗೆಯಾಗಿ ಮಿಡಿಯುತ್ತದೆ. ಕಳೆದುದು ಕಳೆಯಿತು, ಇನ್ನು ಮುಂದೆ ಹೀಗೆ ನಡೆಯಬಾರದು ಎಂದು ಅದು ತನಗೆ ತಾನೇ ಹೇಳಿಕೊಳ್ಳುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಇಂತಹ ಸಂಕಲ್ಪಗಳ ಸಾಲಿನಲ್ಲಿ ಪರಿಸರಕ್ಕೆ ಸಂಬಂಧಿಸಿದವು ಹೆಚ್ಚಾಗಿ ಸೇರುತ್ತಿವೆ. ನೀರನ್ನು ಪೋಲು ಮಾಡುವುದಿಲ್ಲ, ಪ್ಲಾಸ್ಟಿಕ್ ಚೀಲವನ್ನು ಮನೆಗೆ ತರುವುದಿಲ್ಲ, ಬೇಡದ ದೀಪವನ್ನು ಉರಿಸುವುದಿಲ್ಲ, ಹತ್ತಿರದ ಹಾದಿಗೆ ವಾಹನವನ್ನು ಹತ್ತುವುದಿಲ್ಲ ಎಂಬ ಮಾತುಗಳು ಶ್ರಾವಕರ ಮನೆಗಳಲ್ಲಿಯೂ ಕೇಳಿಬರುತ್ತಿವೆ. ಮಾತುಗಳೇನೋ ಒಳ್ಳೆಯವೇ. ಆದರೆ ಎರಡು ಹುಣ್ಣಿಮೆಗಳು ಕಳೆಯುವುದರೊಳಗೆ ಅವು ಎಲ್ಲಿ ಹೋದವೆಂದು ಹುಡುಕಬೇಕಾಗುತ್ತದೆ. ಆಗ ವಿಚಾರವಂತರಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಒಳ್ಳೆಯ ಸಂಕಲ್ಪವು ಏಕೆ ಉಳಿಯುವುದಿಲ್ಲ? ಒಂದು ವೇಳೆ ಉಳಿದರೂ, ಲೋಕವೆಲ್ಲ ಬೇರೆ ದಾರಿಯಲ್ಲಿ ನಡೆಯುತ್ತಿರುವಾಗ ಒಂದು ಮನೆಯವರು ನಾಲ್ಕು ಕೊಡ ನೀರನ್ನು ಉಳಿಸಿದುದರಿಂದ ಆಗುವುದೇನು? ಈ ಪ್ರಶ್ನೆಗಳು ಹೊಸವಲ್ಲ. ಇವುಗಳಿಗೆ ಸಂಬಂಧಿಸಿದ ಒಂದು ಮಾತು ಕನ್ನಡ ನಾಡಿನ ಒಂದು ಬಂಡೆಯ ಮೇಲೆ ಇಪ್ಪತ್ತೆರಡು ಶತಮಾನಗಳಿಗಿಂತಲೂ ಹಿಂದೆಯೇ ಕೊರೆಯಲ್ಪಟ್ಟಿದೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರವೆಂಬ ಬೆಟ್ಟವಿದೆ. ಮೇಲೆ ರಾಮೇಶ್ವರನ ಪ್ರಾಚೀನ ದೇವಾಲಯ. ಅಲ್ಲಿಯ ಒಂದು ಬಂಡೆಯ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನವು ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೆತ್ತಲ್ಪಟ್ಟಿದೆ. ಅನತಿದೂರದ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳಲ್ಲಿಯೂ ಇದೇ ಶಾಸನದ ಪ್ರತಿಗಳುಂಟು. ಮೂರನ್ನೂ ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದ ಬಂಡೆಗೆ ಜನರು ಇಟ್ಟ ಹೆಸರು ಬಳೆಗಾರ ಗುಂಡು. ಜಾತ್ರೆಯ ಕಾಲದಲ್ಲಿ ಬಳೆ ಮಾರುವವರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಆ ಹೆಸರು ಬಂದಿತು. ಅಕ್ಷರಗಳು ಬಹಳವಾಗಿ ಸವೆದುಹೋಗಿವೆ. ಬ್ರಹ್ಮಗಿರಿಯ ಪ್ರತಿಯು ಇದಕ್ಕಿಂತ ಉತ್ತಮ ಸ್ಥಿತಿಯಲ್ಲಿ ಉಳಿದಿರುವುದರಿಂದ ಇಲ್ಲಿಯದರ ಅಭಿಪ್ರಾಯವನ್ನೂ ತಿಳಿಯಲು ಸಾಧ್ಯವಾಗಿದೆ.

ಆ ಶಾಸನದಲ್ಲಿ ಯುದ್ಧವಿಜಯದ ವರ್ಣನೆಯಿಲ್ಲ. ಅದರಲ್ಲಿ ಚಕ್ರವರ್ತಿಯ ಮಾತು ತನ್ನ ಒಂದು ಲೋಪವನ್ನು ಹೇಳಿಕೊಳ್ಳುವುದರಿಂದಲೇ ಮೊದಲಾಗುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗಿಂತ ಹೆಚ್ಚು ಕಾಲವಾಯಿತು. ಆದರೆ ಮೊದಲಿನ ಒಂದು ವರ್ಷ ತಾನು ಅಷ್ಟಾಗಿ ಪರಾಕ್ರಮ ತೋರಲಿಲ್ಲ. ಸಂಘವನ್ನು ಸಮೀಪಿಸಿದ ಮೇಲೆ ಕಳೆದ ಒಂದು ವರ್ಷಕ್ಕೂ ಮಿಕ್ಕಿ ದೃಢವಾಗಿ ಪ್ರಯತ್ನಿಸಿದ್ದೇನೆ ಎಂಬುದು ಅದರ ಸಾರ. ಪರಾಕ್ರಮವೆಂದರೆ ಇಲ್ಲಿ ಶತ್ರುವಿನ ಮೇಲೆ ತೋರುವ ಶೌರ್ಯವಲ್ಲ, ಧರ್ಮಾಚರಣೆಯಲ್ಲಿ ತೋರುವ ಉದ್ಯಮ. ಇದರ ಫಲವು ದೊಡ್ಡವರಿಗೆ ಮಾತ್ರ ದೊರಕತಕ್ಕದ್ದಲ್ಲ, ಪ್ರಯತ್ನಿಸುವ ಸಣ್ಣವರಿಗೂ ದೊರಕುತ್ತದೆ ಎಂದು ಶಾಸನ ಮುಂದುವರಿದು ಹೇಳುತ್ತದೆ. ಸಣ್ಣವನಿಗೆ ಅಲ್ಲಿರುವ ಪ್ರಾಕೃತ ಶಬ್ದ ‘ಖುದಕ’. ಸಂಸ್ಕೃತದ ಕ್ಷುದ್ರಕವೇ ಅದು. ಎರಡನೆಯ ಭಾಗದಲ್ಲಿ ತಾಯಿತಂದೆಗಳ ಸೇವೆ, ಪ್ರಾಣಿಗಳಲ್ಲಿ ದೃಢವಾದ ದಯೆ, ಸತ್ಯವಚನ, ಗುರುವಿನಲ್ಲಿ ಗೌರವ ಎಂಬ ಮನೆಮಟ್ಟದ ಧರ್ಮಗಳನ್ನೇ ಹೇಳಿ, ಇದೇ ಪುರಾತನವಾದ ಪದ್ಧತಿ, ದೀರ್ಘಾಯುಸ್ಸಿಗೆ ಕಾರಣವಾದುದು ಎಂದು ಮುಗಿಸಲಾಗಿದೆ.

ಅಶೋಕನು ಬೌದ್ಧ ಉಪಾಸಕ. ಅವನು ಹೇಳುವ ಫಲವು ಸ್ವರ್ಗ. ಸಮ್ಯಗ್ದೃಷ್ಟಿಯಾದ ಶ್ರಾವಕನ ಗುರಿ ಸ್ವರ್ಗವಲ್ಲ, ಕರ್ಮಕ್ಷಯ. ಈ ಭೇದವನ್ನು ಮರೆಯಬೇಕಾದುದಿಲ್ಲ. ಆದರೂ ವ್ರತವನ್ನು ಕುರಿತು ಚಿಂತಿಸುವ ಯಾರಿಗೇ ಆಗಲಿ ಈ ಬಂಡೆಯಲ್ಲಿ ಎರಡು ಪಾಠಗಳಿವೆ. ವ್ರತವನ್ನು ಸ್ವೀಕರಿಸುವುದೇ ಬೇರೆ, ನಡೆಸುವುದೇ ಬೇರೆ ಎಂಬುದು ಒಂದು. ಸಣ್ಣವನು ತನ್ನ ಅಳತೆಯಲ್ಲಿ ಮಾಡಿದ ಪ್ರಯತ್ನವೂ ವ್ಯರ್ಥವಲ್ಲ ಎಂಬುದು ಇನ್ನೊಂದು.

ಈ ಎರಡನೆಯ ಪಾಠಕ್ಕೆ ಜೈನರ ಸ್ಮೃತಿಯಲ್ಲಿ ಒಂದು ಹಿನ್ನೆಲೆಯುಂಟು. ಅಶೋಕನ ಅಜ್ಜ ಚಂದ್ರಗುಪ್ತ ಮೌರ್ಯನು ಶ್ರುತಕೇವಲಿ ಭದ್ರಬಾಹುಸ್ವಾಮಿಗಳೊಡನೆ ದಕ್ಷಿಣಕ್ಕೆ ಬಂದು, ಕಳ್ವಪ್ಪು ಬೆಟ್ಟದಲ್ಲಿ, ಎಂದರೆ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದನೆಂದು ದಿಗಂಬರ ಪರಂಪರೆ ಹೇಳುತ್ತದೆ. ಅಜ್ಜನು ಸಾಮ್ರಾಜ್ಯವನ್ನೇ ಬಿಟ್ಟು ಮಹಾವ್ರತಿಯಾಗಿ ಕನ್ನಡ ನಾಡಿಗೆ ಬಂದನು. ಮೊಮ್ಮಗನು ಸಾಮ್ರಾಜ್ಯದಲ್ಲಿ ಇದ್ದುಕೊಂಡೇ ಗೃಹಸ್ಥರಿಗೆ ತಕ್ಕ ಸಣ್ಣ ಧರ್ಮಗಳನ್ನು ಅದೇ ನಾಡಿನ ಬಂಡೆಗಳ ಮೇಲೆ ಬರೆಯಿಸಿದನು. ಒಂದು ಮಹಾವ್ರತದ ಬೆಟ್ಟ, ಇನ್ನೊಂದು ಅಣುವ್ರತಕ್ಕೆ ಹತ್ತಿರವಾದ ಬೆಟ್ಟ. ಮಹಾವ್ರತವನ್ನು ಧರಿಸಲಾರದವನು ಕೈಕಟ್ಟಿ ಕುಳಿತುಕೊಳ್ಳಬೇಕೆಂದು ಜಿನಾಗಮವು ಎಲ್ಲಿಯೂ ಹೇಳಿಲ್ಲ. ಆದುದರಿಂದಲೇ ಅಲ್ಲವೆ ಅಣುವ್ರತವೆಂಬ ಹೆಸರೇ ಹುಟ್ಟಿದುದು?

ಇನ್ನು ಮೊದಲನೆಯ ಪಾಠ. ಸಂಕಲ್ಪವು ವ್ರತವಾಗುವುದು ಯಾವಾಗ? ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಬಹಳ ಖಚಿತವಾಗಿ ನಿರ್ಣಯಿಸಿದ್ದಾರೆ. ತನಗೆ ಯೋಗ್ಯವಾದ, ತನಗೆ ದೊರಕತಕ್ಕ ವಿಷಯದಿಂದ ಅಭಿಪ್ರಾಯಪೂರ್ವಕವಾಗಿ ಹಿಂದೆಗೆಯುವುದೇ ವ್ರತವೆಂಬುದು ಅವರ ಮತ. ಈ ಲಕ್ಷಣವನ್ನು ಇಂದಿನ ಮನೆಗಳಿಗೆ ಅನ್ವಯಿಸಿ ನೋಡಬಹುದು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದ ಅತ್ಯಂತ ಒಣ ಪ್ರದೇಶಗಳಲ್ಲಿ ಸೇರಿದವು. ವರ್ಷದ ಮಳೆ ಐದುನೂರು ಮಿಲಿಮೀಟರಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಬೇಸಗೆಯಲ್ಲಿ ಅಲ್ಲಿಯ ಒಬ್ಬ ತಾಯಿ ಎರಡು ಕೊಡ ನೀರಿನಲ್ಲಿ ದಿನವನ್ನು ಕಳೆಯುವುದು ವ್ರತವಲ್ಲ, ಕಷ್ಟ. ಅದನ್ನು ಸರಳ ಜೀವನವೆಂದು ಹೊಗಳುವುದು ನಿರ್ದಯತೆಯೇ ಸರಿ. ಆದರೆ ನಲ್ಲಿ ತಿರುಗಿಸಿದೊಡನೆ ನೀರು ಸುರಿಯುವ ಪಟ್ಟಣದ ಮನೆಯಲ್ಲಿ, ತಡೆಯುವವರು ಯಾರೂ ಇಲ್ಲದಿರುವಾಗ, ಒಬ್ಬ ಶ್ರಾವಕನು ಬಕೆಟ್ಟಿನಲ್ಲಿ ಅಳೆದು ಸ್ನಾನ ಮಾಡಿದರೆ ಅದು ವ್ರತ. ಇಲ್ಲದುದನ್ನು ಬಿಡುವುದು ತ್ಯಾಗವಾಗದು. ಇರುವುದನ್ನು ಅರಿತು ಬಿಡುವುದೇ ತ್ಯಾಗ.

ಕಾನೂನಿನ ವಿಷಯವೂ ಹೀಗೆಯೇ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲ, ಲೋಟ, ತಟ್ಟೆ ಮೊದಲಾದವುಗಳನ್ನು ೨೦೧೬ರಲ್ಲಿಯೇ ನಿಷೇಧಿಸಲಾಯಿತು. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ೨೦೨೨ರ ಜುಲೈ ಒಂದರಿಂದ ದೇಶಕ್ಕೆಲ್ಲ ಅನ್ವಯಿಸುವ ನಿಷೇಧವೂ ಬಂದಿತು. ಆದರೂ ಸಂತೆಯಲ್ಲಿ ಚೀಲಗಳು ಕಾಣುತ್ತಲೇ ಇವೆ. ಕಾನೂನು ಅಂಗಡಿಯವನ ಕೈಯನ್ನು ಹಿಡಿಯಬಲ್ಲುದು; ಕೊಳ್ಳುವವನು ಕೈ ಚಾಚುವುದನ್ನು ನಿಲ್ಲಿಸಬಲ್ಲುದು ವ್ರತವೊಂದೇ. ದಂಡದ ಭಯದಿಂದ ಬಿಟ್ಟವನು ಭಯ ಹೋದೊಡನೆ ಮತ್ತೆ ಹಿಡಿಯುತ್ತಾನೆ.

ಅಭಿಪ್ರಾಯಪೂರ್ವಕವಾಗಿ ಬಿಡುವುದೆಂದಾದ ಮೇಲೆ ಅದಕ್ಕೆ ಅಳತೆ ಬೇಕು. ಸಮಂತಭದ್ರರು ತ್ಯಾಗವನ್ನು ಯಮ, ನಿಯಮಗಳೆಂದು ಎರಡಾಗಿ ವಿಭಾಗಿಸಿದರು. ಬಾಳಿರುವವರೆಗಿನದು ಯಮ, ಕಾಲಮಿತಿಯುಳ್ಳದ್ದು ನಿಯಮ. ಭೋಜನ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಆಭರಣ ಮುಂತಾದ ನಿತ್ಯದ ವಸ್ತುಗಳನ್ನೇ ಹೆಸರಿಸಿ, ಇವುಗಳನ್ನು ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನಗಳ ಗಡಿಯಿಟ್ಟು ಬಿಡಬಹುದೆಂದು ದಾರಿ ತೋರಿದರು. ಹೊಸ ವರ್ಷದ ಸಂಕಲ್ಪಗಳು ಮುರಿದುಬೀಳುವ ಕಾರಣ ಇಲ್ಲಿಯೇ ತಿಳಿಯುತ್ತದೆ. ‘ನೀರನ್ನು ಪೋಲು ಮಾಡುವುದಿಲ್ಲ’ ಎಂಬ ಮಾತಿಗೆ ಅಳತೆಯೂ ಇಲ್ಲ, ಅವಧಿಯೂ ಇಲ್ಲ. ಅಳತೆಯಿಲ್ಲದುದು ಯಾವಾಗ ಮುರಿಯಿತೆಂಬುದೂ ತಿಳಿಯುವುದಿಲ್ಲ. ಮುರಿದುದು ತಿಳಿಯದಿದ್ದರೆ ಪ್ರತಿಕ್ರಮಣವೆಲ್ಲಿ, ಪ್ರಾಯಶ್ಚಿತ್ತವೆಲ್ಲಿ?

ಈ ಬಗೆಯ ಅಳತೆಗೂ ಅಶೋಕನಲ್ಲಿಯೇ ಒಂದು ನಿದರ್ಶನವಿದೆ. ಜಟಿಂಗ ರಾಮೇಶ್ವರದಲ್ಲಿ ಇಲ್ಲದಿದ್ದರೂ, ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ದೊಡ್ಡ ಬಂಡೆ ಶಾಸನಗಳು ಇವೆ. ಅವುಗಳಲ್ಲಿ ಮೊದಲನೆಯದು ಅರಮನೆಯ ಅಡುಗೆಮನೆಯ ಮಾತು. ಹಿಂದೆ ಅಲ್ಲಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಸಾರಿಗಾಗಿ ಕೊಲ್ಲಲ್ಪಡುತ್ತಿದ್ದವು. ಈ ಶಾಸನವನ್ನು ಬರೆಯಿಸುವಾಗ ಮೂರು ಮಾತ್ರ ಕೊಲ್ಲಲ್ಪಡುತ್ತಿವೆ, ಎರಡು ನವಿಲು ಮತ್ತು ಒಂದು ಜಿಂಕೆ, ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರೂ ಕೊಲ್ಲಲ್ಪಡುವುದಿಲ್ಲ ಎಂದು ಅದರಲ್ಲಿ ಹೇಳಿದೆ. ಅಹಿಂಸಾಣುವ್ರತಿಗೆ ಮೂರು ಪ್ರಾಣಿಗಳ ವಧೆಯೂ ಒಪ್ಪತಕ್ಕದ್ದಲ್ಲ ಎಂಬುದು ನಿಶ್ಚಯ. ಆದರೆ ಇಲ್ಲಿ ಗಮನಿಸಬೇಕಾದುದು ಲೆಕ್ಕದ ಪ್ರಾಮಾಣಿಕತೆಯನ್ನು. ಎಲ್ಲವನ್ನೂ ಬಿಟ್ಟೆನೆಂದು ಹೇಳಿಕೊಳ್ಳಲು ರಾಜನಿಗೆ ತಡೆಯೇನಿತ್ತು? ಉಳಿದಿದ್ದ ಮೂರನ್ನು ಬಚ್ಚಿಡದೆ ಅವನು ಕಲ್ಲಿನ ಮೇಲೆ ಬರೆಯಿಸಿದನು. ತನ್ನ ಮನೆಯಲ್ಲಿ ಇನ್ನೂ ಉಳಿದಿರುವ ದೋಷವನ್ನು ಎಣಿಸಬಲ್ಲವನೇ ಅದನ್ನು ಮುಂದೆ ಬಿಡಬಲ್ಲನು.

ಹಾಗಾದರೆ ಶ್ರಾವಕನು ತನ್ನ ಮನೆಯಲ್ಲಿ ಏನನ್ನು ಎಣಿಸಬೇಕು? ಗೃಹಸ್ಥನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡತಕ್ಕವನು. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳೆಂಬ ಐದು ಸ್ಥಾವರಕಾಯಗಳ ವಿಷಯದಲ್ಲಿ ಅವನಿಗೆ ಪೂರ್ಣ ತ್ಯಾಗ ಸಾಧ್ಯವಿಲ್ಲ. ಒಲೆ ಉರಿಯಬೇಕು, ನೀರು ಬೇಕು, ಧಾನ್ಯ ಬೇಕು. ಆದರೆ ಇಲ್ಲಿಯೂ ಒಂದು ಗೆರೆಯನ್ನು ಎಳೆಯಲಾಗಿದೆ. ಪ್ರಯೋಜನವಿಲ್ಲದೆ ಭೂಮಿಯನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಾಳಿಯನ್ನು ಕೆದಕುವುದು, ಗಿಡಮರಗಳನ್ನು ಕಡಿಯುವುದು, ಸುಮ್ಮನೆ ಅಲೆಯುವುದು, ಇತರರನ್ನು ಅಲೆಯಿಸುವುದು, ಇವೆಲ್ಲ ಪ್ರಮಾದಚರ್ಯೆ. ಅನರ್ಥದಂಡದ ಐದು ಭೇದಗಳಲ್ಲಿ ಇದೂ ಒಂದು. ಅನರ್ಥವೆಂದರೆ ನಿಷ್ಪ್ರಯೋಜನ, ದಂಡವೆಂದರೆ ಪೀಡೆ. ತನಗೂ ಉಪಯೋಗವಾಗದೆ ಪರಜೀವಿಗೆ ಪೀಡೆಯಾಗುವ ಕಾರ್ಯವೇ ಅನರ್ಥದಂಡ. ಅಶೋಕನ ಐದನೆಯ ಸ್ತಂಭಶಾಸನವು ಕಾಡನ್ನು ಅನರ್ಥವಾಗಿ ಸುಡಬಾರದೆಂದು ವಿಧಿಸುವಾಗ ಇದೇ ಶಬ್ದದ ಪ್ರಾಕೃತ ರೂಪವನ್ನು ಬಳಸುತ್ತದೆ. ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂಬ ವಿಧಿಯೂ ಅಲ್ಲಿದೆ. ಅಗತ್ಯಕ್ಕೂ ಅನರ್ಥಕ್ಕೂ ನಡುವಣ ಈ ಗೆರೆ ಈ ದೇಶದ ಧರ್ಮಚಿಂತನೆಯಲ್ಲಿ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅನರ್ಥದಂಡವಿರತಿಗೆ ಹೇಳಿದ ಐದು ಅತಿಚಾರಗಳಲ್ಲಿ ಎರಡು, ಇಂದಿನ ಮನೆಗಳನ್ನು ನೋಡಿಯೇ ಹೇಳಿದಂತಿವೆ. ಒಂದು, ಅಸಮೀಕ್ಷ್ಯಾಧಿಕರಣ, ಎಂದರೆ ಪರಿಣಾಮವನ್ನು ವಿಚಾರಿಸದೆ ಕಾರ್ಯದಲ್ಲಿ ತೊಡಗುವುದು. ಇನ್ನೊಂದು, ಉಪಭೋಗಪರಿಭೋಗಾನರ್ಥಕ್ಯ, ಎಂದರೆ ಬೇಕಾದುದಕ್ಕಿಂತ ಹೆಚ್ಚಿನ ಭೋಗವಸ್ತುಗಳನ್ನು ಕೂಡಿಹಾಕುವುದು.

ಮೊದಲನೆಯದಕ್ಕೆ ಜಟಿಂಗ ರಾಮೇಶ್ವರದ ಬೆಟ್ಟವೇ ಉದಾಹರಣೆಯನ್ನು ಒದಗಿಸುತ್ತದೆ. ರಾವಣನೊಡನೆ ಹೋರಾಡಿ ಜಟಾಯು ಬಿದ್ದ ಸ್ಥಳವಿದು, ಅದರಿಂದಲೇ ಜಟಿಂಗವೆಂಬ ಹೆಸರು ಎಂಬುದು ಅಲ್ಲಿಯ ಐತಿಹ್ಯ. ಜೈನ ರಾಮಕಥೆಯಲ್ಲಿ ಜಟಾಯುವಿಗೆ ಇನ್ನೊಂದು ಹಿರಿಮೆಯುಂಟು. ದಂಡಕಾರಣ್ಯದಲ್ಲಿ ಚಾರಣಮುನಿಗಳನ್ನು ಕಂಡು, ಪೂರ್ವಭವದ ಸ್ಮರಣೆಯಾಗಿ, ಹದ್ದಾಗಿದ್ದ ಆ ಜೀವವು ಶ್ರಾವಕವ್ರತವನ್ನು ಧರಿಸಿತು. ಮಾಂಸವೇ ಆಹಾರವಾಗಿದ್ದ ತಿರ್ಯಂಚ ಜೀವಿಯೂ ವ್ರತಿಯಾಗಬಲ್ಲುದೆಂದು ಪುರಾಣಕಾರರು ಸಾರಿದರು. ಅಂತಹ ಹದ್ದಿನ ಕುಲಕ್ಕೆ ಮನುಷ್ಯರಿಂದ ಏನಾಯಿತು? ೧೯೯೦ರ ದಶಕದಿಂದ ಭಾರತದ ರಣಹದ್ದುಗಳಲ್ಲಿ ಮೂರು ಜಾತಿಗಳು ನೂರಕ್ಕೆ ತೊಂಬತ್ತೈದಕ್ಕಿಂತಲೂ ಹೆಚ್ಚು ಪ್ರಮಾಣದಲ್ಲಿ ನಾಶವಾದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತೆಂಬುದು ೨೦೦೪ರ ಹೊತ್ತಿಗೆ ಸಿದ್ಧವಾಯಿತು. ೨೦೦೬ರಲ್ಲಿ ಪಶುಚಿಕಿತ್ಸೆಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ೨೦೧೨ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಅಭಯಧಾಮವೆಂದು ಘೋಷಿಸಲಾಯಿತು. ಹದ್ದನ್ನು ಕೊಲ್ಲಬೇಕೆಂದು ಯಾರೂ ಬಯಸಿರಲಿಲ್ಲ. ದನದ ನೋವನ್ನು ನೀಗಿಸುವ ಕರುಣೆಯೇ ಅಲ್ಲಿತ್ತು. ಆದರೂ ಕೋಟಿಗಟ್ಟಲೆ ಜೀವಿಗಳು ಅಳಿದವು. ಭಾವಹಿಂಸೆ ಇಲ್ಲದಿದ್ದರೂ ವಿಚಾರವಿಲ್ಲದ ಕಾರ್ಯವು ಎಷ್ಟು ದೂರ ಹೋಗುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಮನೆಯ ಬಚ್ಚಲಿಗೆ ಸುರಿಯುವ ಸೋಪಿನ ಪುಡಿ, ಗೋಡೆಯ ಮೂಲೆಗೆ ಸಿಂಪಡಿಸುವ ಕೀಟನಾಶಕ, ಕಸದ ಗುಂಡಿಗೆ ಎಸೆಯುವ ಹಳೆಯ ಔಷಧ, ಇವು ಮುಂದೆ ಯಾರ ಬಾಯಿಗೆ ಸೇರುವುವೆಂದು ವಿಚಾರಿಸುವುದೂ ಸಮೀಕ್ಷೆಯೇ.

ಎರಡನೆಯ ಅತಿಚಾರವನ್ನು ಅರಿಯಲು ಭೋಗ ಉಪಭೋಗಗಳ ಭೇದವನ್ನು ನೆನೆದರೆ ಸಾಕು. ಅನ್ನದಂತೆ ಒಮ್ಮೆ ಭೋಗಿಸಿ ಬಿಡತಕ್ಕದ್ದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಸತಕ್ಕದ್ದು ಉಪಭೋಗ. ಒಣಗಿದ ಮುತ್ತುಗದ ಎಲೆಯ ಪತ್ರಾವಳಿ ಒಮ್ಮೆ ಉಂಡ ಮೇಲೆ ಮಣ್ಣಾಗುತ್ತದೆ. ಹಿತ್ತಾಳೆಯ ತಟ್ಟೆ ಮೂರು ತಲೆಮಾರಿಗೆ ಬರುತ್ತದೆ. ಪ್ಲಾಸ್ಟಿಕ್ ಲೋಟವಾದರೋ ಬಹಳ ಕಾಲ ಮಣ್ಣಿನಲ್ಲಿ ಕರಗದೆ ಉಳಿಯುವ ವಸ್ತು. ಬಳಕೆ ಮಾತ್ರ ಒಂದು ಗುಟುಕಿನದು. ಬಾಳಿಕೆಯಲ್ಲಿ ಉಪಭೋಗಕ್ಕೆ ತಕ್ಕುದನ್ನು ಬಳಕೆಯಲ್ಲಿ ಭೋಗವನ್ನಾಗಿ ಮಾಡಿರುವುದೇ ಈ ಕಾಲದ ದೋಷ. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದವರ ಪಾರಣೆಯ ದಿನ ಬಸದಿಯ ಹಿಂಭಾಗದಲ್ಲಿ ಬಿಸಾಡಿದ ಲೋಟ ಬಾಟಲಿಗಳ ರಾಶಿ ಬಿದ್ದಿದ್ದರೆ, ಉತ್ತಮ ಸಂಯಮ, ಉತ್ತಮ ಆಕಿಂಚನ್ಯಗಳನ್ನು ಪೂಜಿಸಿದುದು ಎಲ್ಲಿ ಉಳಿಯಿತು? ಉಪವಾಸಿಯ ಪುಣ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವನ ಸುತ್ತಲಿನ ಸಮಾಜವು ಆ ದಿನ ಅತಿಚಾರಕ್ಕೆ ಗುರಿಯಾಯಿತೆಂಬುದನ್ನೂ ಅಲ್ಲಗಳೆಯಲಾಗದು.

ನೀರನ್ನು ಸೋಸಿ ಕುಡಿಯುವುದು ಜೈನನ ಗುರುತು. ಹಳೆಯ ಮನೆಗಳಲ್ಲಿ ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ತೆಗೆದುಕೊಂಡ ಬಾವಿಯ ನೀರಿಗೇ ಮರಳಿ ಬಿಡುತ್ತಿದ್ದರು, ಏಕೆಂದರೆ ಒಂದು ಬಾವಿಯ ಜೀವಿ ಇನ್ನೊಂದರಲ್ಲಿ ಬದುಕಲಾರದೆಂಬುದು ಅವರ ನಂಬಿಕೆ. ಆ ವಿಧಿಯಿಂದಾಗಿ ಮನೆಯ ಮಗುವಿಗೂ ತನ್ನ ನೀರು ಯಾವ ಬಾವಿಯದೆಂದು ತಿಳಿದಿರುತ್ತಿತ್ತು. ಇಂದು ನಲ್ಲಿಯ ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಎರಡೂ ತಿಳಿಯದು. ಸೋಸುವ ಬಟ್ಟೆ ಉಳಿದಿದೆ. ಮರಳಿ ಬಿಡುವ ಹೊಣೆ ಮರೆತುಹೋಗಿದೆ. ಅಡುಗೆಮನೆಯ ನೀರನ್ನು ಗಿಡದ ಪಾತಿಗೆ ಹರಿಸುವುದು, ಛಾವಣಿಯ ಮಳೆನೀರನ್ನು ಇಂಗುಗುಂಡಿಗೆ ಬಿಡುವುದು ಆ ಹೊಣೆಯನ್ನು ಮತ್ತೆ ಹೊರುವ ಬಗೆಯೆಂದು ತಿಳಿದರೆ, ಹೊಸದೆಂದು ತೋರುವ ಈ ಕಾರ್ಯಗಳು ಹಳೆಯ ಆಚಾರದ ಮುಂದುವರಿಕೆಯೇ ಆಗುತ್ತವೆ.

ಇಷ್ಟರವರೆಗೆ ಹೇಳಿದವು ಸುಲಭವಾದವು. ವ್ರತವು ಕಠಿನವಾಗುವ ಸ್ಥಳವೂ ಮೊಳಕಾಲ್ಮೂರಿನಲ್ಲಿಯೇ ಇದೆ. ಆ ಊರು ರೇಷ್ಮೆ ಸೀರೆಗೆ ಪ್ರಸಿದ್ಧ. ಕೈಮಗ್ಗದ ಮೇಲೆ ನೇಯುವ ಅಲ್ಲಿಯ ಸೀರೆಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ರೇಷ್ಮೆಗೂಡಿನೊಳಗಿನ ಜೀವವು ಚಿಟ್ಟೆಯಾಗಿ ಗೂಡನ್ನು ತೂರಿ ಹೊರಬಂದರೆ ನೂಲಿನ ಎಳೆ ಕೆಡುತ್ತದೆ. ಆದಕಾರಣ ಅದಕ್ಕೆ ಮೊದಲೇ ಬಿಸಿಯ ಹವೆಯಲ್ಲಿಯೋ ಕುದಿಯುವ ನೀರಿನಲ್ಲಿಯೋ ಅದನ್ನು ಕೊಲ್ಲುತ್ತಾರೆ. ಒಂದು ಸೀರೆಗೆ ಸಾವಿರಾರು ತ್ರಸಜೀವಿಗಳು. ಸಮಂತಭದ್ರರು ಅಲ್ಪಫಲ, ಬಹುವಿಘಾತ ಎಂಬ ಅಳತೆಗೋಲನ್ನು ಕೊಟ್ಟಿದ್ದಾರೆ. ಫಲ ಕಡಮೆ, ಘಾತ ಹೆಚ್ಚು ಎಂಬ ವಸ್ತುಗಳನ್ನು ಬಿಡತಕ್ಕದ್ದೆಂದು ಅದರ ತಾತ್ಪರ್ಯ. ಕಂದಮೂಲಗಳಿಗೆ ಅವರು ಹೇಳಿದ ಆ ಅಳತೆಯನ್ನು ರೇಷ್ಮೆಗೆ ಹಿಡಿದರೆ ನಿರ್ಣಯವು ಸಂಶಯಕ್ಕೆ ಎಡೆಯಿಲ್ಲದಂತೆ ದೊರಕುತ್ತದೆ. ಆದರೂ ರೇಷ್ಮೆಯೇ ಮಡಿಯೆಂಬ ರೂಢಿಯು ಅನೇಕ ಜೈನ ಮನೆಗಳಲ್ಲಿ ಇಂದಿಗೂ ಉಂಟು.

ಇಲ್ಲಿ ಮತ್ತೊಂದು ಮುಖವನ್ನೂ ನೋಡಬೇಕಾಗುತ್ತದೆ. ಮಗ್ಗದ ಮುಂದೆ ಕುಳಿತ ನೇಕಾರನು ಮಳೆ ನಂಬಲಾಗದ ನಾಡಿನಲ್ಲಿ ಕೈಗಳನ್ನೇ ನಂಬಿ ಬಾಳುವವನು. ಶ್ರಾವಕರು ರೇಷ್ಮೆಯನ್ನು ಬಿಟ್ಟರೆ ಅವನ ಮನೆಯ ಒಲೆ ಹೇಗೆ ಉರಿಯಬೇಕು? ಈ ಪ್ರಶ್ನೆಯನ್ನು ಕೇಳದೆ ತೊಟ್ಟ ವ್ರತದಲ್ಲಿ ದಯೆಯ ಕೊರತೆಯಿರುತ್ತದೆ. ಈ ಪ್ರಶ್ನೆಯನ್ನೇ ನೆವವಾಗಿ ಹಿಡಿದು ರೇಷ್ಮೆಯನ್ನು ಬಿಡದಿರುವುದರಲ್ಲಿ ಪ್ರಾಮಾಣಿಕತೆಯ ಕೊರತೆಯಿರುತ್ತದೆ. ದಾರಿ ಇವೆರಡರ ನಡುವೆ ಇದೆ. ಹೊಸ ರೇಷ್ಮೆಯನ್ನು ಕೊಳ್ಳುವುದಿಲ್ಲವೆಂದು ನಿಯಮ ಹಿಡಿದವರು, ಆ ಹಣದಲ್ಲಿ ಕೈಮಗ್ಗದ ಹತ್ತಿಯ ಬಟ್ಟೆಯನ್ನು, ಚೌಕಾಸಿ ಮಾಡದೆ, ನೇಕಾರನ ಶ್ರಮಕ್ಕೆ ತಕ್ಕ ಬೆಲೆಗೆ ಕೊಳ್ಳತಕ್ಕದ್ದು. ಪೆಟ್ಟಿಗೆಯಲ್ಲಿರುವ ಹಳೆಯ ಸೀರೆಯನ್ನು ಬಿಸಾಡುವುದರಿಂದ ಯಾವ ಜೀವವೂ ಮರಳುವುದಿಲ್ಲ. ಅದನ್ನು ಬಾಳಿಸುವುದೇ ಮೇಲು. ರೇಷ್ಮೆಯುಟ್ಟು ಬಸದಿಗೆ ಬಂದ ಇನ್ನೊಬ್ಬ ತಾಯಿಯನ್ನು ಕಂಡು ಮೂಗು ಮುರಿಯುವುದಂತೂ ಸಲ್ಲದು. ವ್ರತವು ತನ್ನ ಕೈಯನ್ನು ಕಟ್ಟಿಕೊಳ್ಳುವುದಕ್ಕೆ ಇರುವುದು, ಪರರ ಕಡೆಗೆ ಬೆರಳು ತೋರಿಸುವುದಕ್ಕಲ್ಲ. ತನ್ನ ತ್ಯಾಗದ ಭಾರವನ್ನು ಇನ್ನೊಬ್ಬರ ಮೇಲೆ ಹೊರಿಸುವ ವ್ರತವು ಅರೆವ್ರತವೇ.

ಇನ್ನು ಉಳಿದುದು ಎರಡನೆಯ ಪ್ರಶ್ನೆ. ಒಂದು ಮನೆಯಿಂದ ಆಗುವುದೇನು? ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು ೨೦೨೨ರಲ್ಲಿ, ೮೯ ವರ್ಷಗಳ ಅನಂತರ. ಆ ನಡುವೆ ಚಿತ್ರದುರ್ಗ ಸೀಮೆಯ ಯಾವ ಗೃಹಸ್ಥನು ಎಷ್ಟು ಕೊಡ ನೀರನ್ನು ಉಳಿಸಿದ್ದರೂ ಆ ಜಲಾಶಯ ತುಂಬುತ್ತಿರಲಿಲ್ಲವೆಂಬುದು ನಿಜ. ಲೋಕದ ಕೆಡುಕನ್ನು ಅಳೆಯುವ ತಕ್ಕಡಿಯಲ್ಲಿ ಒಂದು ಮನೆಯ ಸಂಯಮಕ್ಕೆ ತೂಕವಿಲ್ಲ. ಇದನ್ನು ಒಪ್ಪಿಕೊಂಡ ಮೇಲೆಯೂ ವ್ರತವು ಉಳಿಯಬೇಕಾದರೆ ಅದರ ಆಧಾರವು ಬೇರೆಡೆಯಲ್ಲಿ ಇರಬೇಕು.

ಆ ಆಧಾರವನ್ನು ತತ್ತ್ವಾರ್ಥಸೂತ್ರವು ತೋರಿಸುತ್ತದೆ. ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದು ಅದು ಹೇಳುತ್ತದೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಲ್ಲಿ ನಿದಾನವೆಂದರೆ ಫಲದ ಆಕಾಂಕ್ಷೆ. ತಾನು ನೀರುಳಿಸಿದುದರಿಂದ ಕೆರೆ ತುಂಬಬೇಕು, ತುಂಬದಿದ್ದರೆ ಉಳಿಸುವುದಿಲ್ಲ ಎಂಬ ಮನೋಭಾವದಲ್ಲಿಯೂ ಆ ಶಲ್ಯದ ಮೊನೆಯಿದೆ. ಅನರ್ಥವಾಗಿ ಚೆಲ್ಲಿದ ನೀರಿನ ದೋಷವು ಚೆಲ್ಲಿದವನದು. ಲಕ್ಷ ಜನ ಚೆಲ್ಲಿದರೆಂದು ಅವನ ಪಾಲು ಲಕ್ಷದಲ್ಲಿ ಒಂದಾಗುವುದಿಲ್ಲ. ಆಸ್ರವವು ಹಂಚಿಕೆಯ ಲೆಕ್ಕವಲ್ಲ. ಹಾಗೆಯೇ ಅವನು ತಡೆದುಕೊಂಡುದರ ಸಂವರವೂ ಪೂರ್ಣವಾಗಿ ಅವನದೇ. ಇದರಿಂದ ಲೋಕದ ಹಿತಕ್ಕೆ ಶ್ರಾವಕನು ಉದಾಸೀನನಾಗಬೇಕೆಂದು ಅರ್ಥವಲ್ಲ. ಊರಿನ ಕೆರೆಯ ಹೂಳೆತ್ತುವಾಗ ಅವನೂ ಗುದ್ದಲಿ ಹಿಡಿಯಬೇಕು. ಆದರೆ ಊರು ಎದ್ದ ಮೇಲೆಯೇ ತಾನು ಏಳುವೆನೆಂದು ಮಲಗಿರಬಾರದು. ಅಶೋಕನ ಶಾಸನವೂ ಈ ಉದ್ಯಮವು ಬೆಳೆಯುವುದು, ಕಡಮೆಯೆಂದರೂ ಒಂದೂವರೆಯಷ್ಟಾಗಿ ಬೆಳೆಯುವುದು ಎಂದು ಅಳತೆಯುಳ್ಳ ಆಶೆಯನ್ನಷ್ಟೇ ಇಟ್ಟುಕೊಳ್ಳುತ್ತದೆ.

ಆದುದರಿಂದ ವೀರನಿರ್ವಾಣ ಸಂವತ್ಸರದ ಪ್ರಾರಂಭದಲ್ಲಿ ಸಂಕಲ್ಪ ಮಾಡಬಯಸುವ ಮನೆಯವರು ದೊಡ್ಡ ಮಾತುಗಳನ್ನು ಬಿಟ್ಟು ಸಣ್ಣ ನಿಯಮಗಳನ್ನು ಹಿಡಿಯುವುದು ಲೇಸು. ಮೊದಲು ಕಾರ್ತಿಕದ ನಂದೀಶ್ವರ ಪರ್ವದ ಎಂಟು ದಿನಗಳಿಗೆ, ಅದು ನಡೆದರೆ ಯುಗಾದಿಯವರೆಗೆ, ಅದೂ ನಡೆದರೆ ವರ್ಷಕ್ಕೆ. ಮೇಲಿನ ತೊಟ್ಟಿಯನ್ನು ದಿನಕ್ಕೆ ಒಂದೇ ಸಲ ತುಂಬಿಸುವುದು. ಬಟ್ಟೆಯ ಚೀಲವಿಲ್ಲದೆ ಹೋದ ದಿನ ಕೊಳ್ಳದೆ ಮರಳುವುದು. ವರ್ಷಕ್ಕೆ ಇಷ್ಟೇ ಹೊಸ ಬಟ್ಟೆಯೆಂದು ಎಣಿಕೆಯಿಡುವುದು. ಅಷ್ಟಮಿ ಚತುರ್ದಶಿಗಳಂದು ಆರಂಭಗಳನ್ನು ಕಡಮೆ ಮಾಡುವಾಗ ವಾಹನವನ್ನೂ ಬೇಡದ ವಿದ್ಯುತ್ತನ್ನೂ ಆ ತ್ಯಾಗದಲ್ಲಿ ಸೇರಿಸುವುದು. ಇಂತಹವುಗಳಲ್ಲಿ ಮೂರಕ್ಕೆ ಮೀರದಂತೆ ಆಯ್ದು, ಬಸದಿಯಲ್ಲಿ ಜಿನಬಿಂಬದ ಮುಂದೆ, ಸಾಧ್ಯವಾದರೆ ಗುರುಗಳ ಸಾನ್ನಿಧ್ಯದಲ್ಲಿ, ಅವಧಿಯನ್ನು ಹೇಳಿ ಸ್ವೀಕರಿಸತಕ್ಕದ್ದು. ಸಂಜೆಯ ಸಾಮಾಯಿಕದಲ್ಲಿ ಆ ದಿನದ ಲೋಪವನ್ನು ನೆನೆಯತಕ್ಕದ್ದು. ಲೋಪವಾದ ದಿನ ಮನೆಯ ಹಿರಿಯರೇ ಮೊದಲು ಒಪ್ಪಿಕೊಂಡರೆ ಕಿರಿಯರಿಗೆ ಸುಳ್ಳು ಹೇಳುವ ಅವಶ್ಯಕತೆ ಬೀಳುವುದಿಲ್ಲ. ಮುರಿದ ನಿಯಮಕ್ಕೆ ಒಂದು ರಸತ್ಯಾಗವನ್ನೋ ಒಂದು ಏಕಾಶನವನ್ನೋ ಪ್ರಾಯಶ್ಚಿತ್ತವಾಗಿ ಇಟ್ಟುಕೊಂಡು, ಮರುದಿನ ನಿಯಮವನ್ನು ಮತ್ತೆ ಹಿಡಿಯತಕ್ಕದ್ದು. ಒಮ್ಮೆ ಮುರಿಯಿತೆಂದು ಕೈಬಿಡುವುದು, ಬಟ್ಟೆಗೆ ಕಲೆ ಬಿದ್ದಿತೆಂದು ಬಟ್ಟೆಯನ್ನೇ ಎಸೆದಂತೆ.

ಜಟಿಂಗ ರಾಮೇಶ್ವರದ ಬಂಡೆಯ ಮೇಲೆ ಚಕ್ರವರ್ತಿಯ ಅಕ್ಷರಗಳು ಮಳೆಗಾಳಿಗಳಿಂದಲೂ ಜಾತ್ರೆಯ ಜನರ ಕಾಲುಗಳಿಂದಲೂ ಸವೆದಿವೆ. ಬಳೆಗಾರರು ಅದನ್ನು ಅವಮಾನಿಸಬೇಕೆಂದು ತುಳಿದವರಲ್ಲ. ನಿತ್ಯದ ಬದುಕು ಅದರ ಮೇಲೆ ನಡೆಯಿತು, ಅಕ್ಷರ ಸವೆಯಿತು. ಮನೆಗಳಲ್ಲಿ ಸಂಕಲ್ಪಗಳು ಸವೆಯುವುದೂ ಹೀಗೆಯೇ, ದ್ವೇಷದಿಂದಲ್ಲ, ಪ್ರಮಾದದಿಂದ. ಕಲ್ಲಿನ ಅಕ್ಷರವನ್ನು ಮತ್ತೆ ಕೊರೆಯುವವರಿಲ್ಲ. ಶ್ರಾವಕನಿಗಾದರೋ ಪ್ರತಿಕ್ರಮಣವೆಂಬ ಉಳಿಯನ್ನು ಆಚಾರ್ಯರು ಕೊಟ್ಟುಹೋಗಿದ್ದಾರೆ. ಅದನ್ನು ದಿನಕ್ಕೊಮ್ಮೆ ಕೈಗೆತ್ತಿಕೊಂಡು ಹಿಂದಿನ ದಿನ ಸವೆದುದನ್ನು ಮತ್ತೆ ಕೊರೆಯುತ್ತಿದ್ದರೆ ಸಣ್ಣ ವ್ರತವೂ ಬಾಳಿಕೆ ಬರುತ್ತದೆ.